ಚಂಪಾ ಸತ್ವ

ಸರೂಬಾಯಿಯ ಮಗಳು ಚಂಪಾ ತೀರಿಕೊಂಡದ್ದು ಜ್ವರ ಹಿಡಿದ ಒಂಬತ್ತನೆಯ ದಿನ, ಬೆಳಿಗ್ಗೆ, ಹಾಲಿನವಳು ಬಂದು ಹೋದ ಸ್ವಲ್ಪ ಹೊತ್ತಿಗೆ. ಏಳು ವರ್ಷದ ಹುಡುಗಿ. ೧೯೧೮ರ ದಸರೆಯ ಸುಮಾರಿಗೆ ಮಿರಜಿಗೆ ಬಂದ ಆ ಜ್ವರವನ್ನು ಮರಾಠಿ ಜನ ಮಾನಮೋಡಿ ಎಂದು ಕರೆಯುತ್ತಿದ್ದರು; ಕತ್ತು ಮುರಿಯುವ ಜ್ವರ. ಅವರ ಓಣಿಯಲ್ಲಿ ಹದಿನಾಲ್ಕು ಮನೆಗಳಿದ್ದವು. ಹನ್ನೊಂದು ಮನೆಗಳಲ್ಲಿ ಯಾರಾದರೊಬ್ಬರು ಹೋದರು.

ಆ ದಿನಗಳಲ್ಲಿ ಓಣಿಯಲ್ಲಿ ಎದ್ದು ಓಡಾಡುತ್ತಿದ್ದವಳು ಸರೂಬಾಯಿ ಒಬ್ಬಳೇ. ಅವಳ ತವರಿನಲ್ಲಿ ಬಾಣಂತಿಯರಿಗೆ ಒಂದು ಪುಡಿ ಮಾಡುತ್ತಿದ್ದರು. ಆ ಕಡೆ ನಾಚಣಿ ಎನ್ನುವ ರಾಗಿಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದದ್ದು. ಅದನ್ನೇ ಹಾಲು ಬೆಲ್ಲ ಹಾಕಿ ತೆಳ್ಳಗೆ ಕಾಸಿ, ಅವಳು ಮನೆಮನೆಗೆ ಹೋಗಿ ಚಮಚದಿಂದ ಕುಡಿಸಿದಳು. ಪಕ್ಕದ ಮನೆಯ ಜೈನರ ಮಾಣಿಕಬಾಯಿ, ಅವಳ ಗಂಡ ಪಾರ್ಶ್ವನಾಥ, ಇಬ್ಬರು ಮಕ್ಕಳು, ನಾಲ್ವರೂ ಎದ್ದು ಕೂತರು. ಚಂಪಾಗೂ ಅದೇ ಅಂಬಲಿಯನ್ನು ಕೊಟ್ಟಿದ್ದಳು. ಏಳನೆಯ ದಿನದ ಮೇಲೆ ಹುಡುಗಿ ನುಂಗುವುದನ್ನೇ ಬಿಟ್ಟಳು.

“ನಿನ್ನ ಕೈ ಅಂಬಲಿ ನಮ್ಮನ್ನ ಉಳಿಸ್ತು, ಸರೂ” ಎಂದು ಮಾಣಿಕಬಾಯಿ ಅನ್ನುವಾಗಲೆಲ್ಲ ಸರೂಬಾಯಿ ಏನಾದರೂ ಕೆಲಸ ನೆನಪಾದವಳ ಹಾಗೆ ಎದ್ದು ಒಳಗೆ ಹೋಗುತ್ತಿದ್ದಳು.

ಅವಳ ಗಂಡ ರೇವಪ್ಪ ಸಾಂಗ್ಲಿಯಲ್ಲಿ ಒಂದು ಅರಿಶಿಣದ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಅಂಗಡಿಯ ಸಾಹುಕಾರ, ಅವನ ತಮ್ಮ ಇಬ್ಬರೂ ಒಂದೇ ವಾರದಲ್ಲಿ ಹೋಗಿ ಅಂಗಡಿಗೆ ಬೀಗ ಬಿತ್ತು. ಮಗಳನ್ನು ಮಣ್ಣು ಮಾಡಿ ಬಂದ ಮೇಲೂ ರೇವಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಎಲ್ಲಿಗೂ ಹೋಗದೆ ಕಟ್ಟೆಯ ಮೇಲೆ ಕೂತಿರುತ್ತಿದ್ದ.

ದೀಪಾವಳಿ ಕಳೆದ ಮೇಲೆ ಜ್ವರ ಇಳಿಯಿತು. ಇಳಿದದ್ದೇ ತಡ, ಊರಲ್ಲಿ ಹೊಸ ಹೊಸ ಧಂದೆಗಳು ಎದ್ದವು. ಬಳೆ ಮಾರುತ್ತಿದ್ದವನು ನೀಲಗಿರಿ ಎಣ್ಣೆಯ ಸೀಸೆಗಳನ್ನು ಜೋಡಿಸಿಕೊಂಡು ಕೂತ. ಒಬ್ಬ ದರ್ಜಿ ಕರ್ಪೂರ ತುಂಬಿದ ಪುಟ್ಟ ಚೀಲಗಳನ್ನು ಹೊಲಿದು, ಮಕ್ಕಳ ಕೊರಳಿಗೆ ಕಟ್ಟಿರೆಂದು ಮಾರಿದ. ಟಾಂಗಾ ಹೊಡೆಯುವ ಧೋಂಡಿಬಾ ಕುದುರೆಯನ್ನು ಮಾರಿ, ಬೇವಿನ ಎಲೆ, ಗುಗ್ಗುಳ ಸೇರಿಸಿ ಧೂಪ ಮಾಡತೊಡಗಿದ. ಎಲ್ಲರಿಗೂ ಗಿರಾಕಿ ಇದ್ದರು. ಜ್ವರದಲ್ಲಿ ಬದುಕಿ ಉಳಿದವರಿಗೆ ಅದು ಮತ್ತೆ ಬಂದರೆ ಎಂಬ ಅಂಜಿಕೆ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ರೇವಪ್ಪ ಅಂದ: “ನೀ ಮಾಡೂ ಪುಡಿ ನಾವ್ಯಾಕ ಮಾರಬಾರದು?”

“ಅದೇನು ಔಷಧೇನ್ರಿ? ಉಳಿದವರೂ ಕುಡದಾರ, ಹೋದವರೂ ಕುಡದಾರ.”

“ಔಷಧ ಅಂತ ಯಾರಂದ್ರು? ಜ್ವರದಿಂದ ಎದ್ದವರಿಗೆ ತ್ರಾಣ ಬರ್ತೈತೋ ಇಲ್ಲೋ? ಅಷ್ಟ ಹೇಳಿ ಮಾರೂಣು.” ತಟ್ಟೆ ನೋಡುತ್ತ ಅವನು ಮುಂದುವರಿಸಿದ: “ಚಂಪಾ ಸತ್ವ ಅಂತ ಹೆಸರಿಡೂಣು.”

ಮಗಳು ಹೋದಂದಿನಿಂದ ಆ ಮನೆಯಲ್ಲಿ ಯಾರೂ ಆ ಹೆಸರು ಎತ್ತಿರಲಿಲ್ಲ. ಸರೂಬಾಯಿಗೆ ದುಃಖ ಉಕ್ಕಿ ಬಂತು. ಗಂಡನ ಮನಸ್ಸಿನಲ್ಲೂ ಮಗಳು ಇದ್ದಾಳೆ, ಇಷ್ಟು ದಿನ ಹೇಳಿಕೊಳ್ಳಲಾಗದೆ ಕೂತಿದ್ದಾನೆ ಎಂದು ತಿಳಿದು ಅವಳಿಗೆ ಅವನ ಮೇಲೆ ಎಂದೂ ಇಲ್ಲದ ಕರುಣೆ ಹುಟ್ಟಿತು. ಆಗಲಿ ಎಂದಳು.

ಕಾಳುಕಡಿಯ ವ್ಯಾಪಾರ ಮಾಡುತ್ತಿದ್ದ ಪಕ್ಕದ ಮನೆಯ ಪಾರ್ಶ್ವನಾಥ ನಾಚಣಿಯ ಚೀಲಗಳನ್ನು ಉದ್ರಿಯ ಮೇಲೆ ಕಳಿಸಿಕೊಟ್ಟ. ಸರೂಬಾಯಿ ನಸುಕಿನಲ್ಲೇ ಬೀಸಲು ಕೂರುತ್ತಿದ್ದಳು. ರಟ್ಟೆ ಸೋತು ಬಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಮೊದಮೊದಲು ಕಾಗದದ ಪೊಟ್ಟಣದ ಮೇಲೆ ರಬ್ಬರಿನ ಮುದ್ರೆ ಒತ್ತಿ ರೇವಪ್ಪ ಸಾಂಗ್ಲಿಯ ಶನಿವಾರದ ಸಂತೆಗೆ ಒಯ್ಯುತ್ತಿದ್ದ. ಎರಡು ತಿಂಗಳಾದ ಮೇಲೆ ಛಾಪಖಾನೆಯಲ್ಲಿ ಹಳದಿ ಚೀಟಿಗಳನ್ನು ಅಚ್ಚು ಹಾಕಿಸಿ ತಂದ. ಸರೂಬಾಯಿಗೆ ಓದು ಬರುತ್ತಿರಲಿಲ್ಲ. “ಇದರಾಗ ಚಂಪಾ ಅನ್ನೂದು ಎಲ್ಲೈತ್ರಿ?” ಎಂದು ಕೇಳಿದಳು. ಅವನು ಮೇಲಿನ ದಪ್ಪ ಅಕ್ಷರಗಳ ಮೇಲೆ ಬೆರಳಿಟ್ಟು ತೋರಿಸಿದ. ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕೈದು ಸಾಲುಗಳಿದ್ದವು. ಹೆಂಗ ಕಾಸಬೇಕು ಅಂತ ಬರದೈತಿ ಎಂದ. ಅವಳು ಗಂಜಿ ಹಚ್ಚಿ ಒಂದೊಂದೇ ಚೀಟಿ ಅಂಟಿಸಿದಳು, ದಪ್ಪ ಅಕ್ಷರಗಳು ಸೊಟ್ಟ ಆಗದ ಹಾಗೆ ನೋಡಿಕೊಂಡು. ಆ ಬೇಸಿಗೆಯಷ್ಟರಲ್ಲಿ ಅವಳು ಅಂಟಿಸಿದ ಚೀಟಿಗಳು ಸಾವಿರಗಟ್ಟಲೆ.

ವೈಶಾಖದಲ್ಲಿ ಒಂದು ಬೆಳಿಗ್ಗೆ, ರೇವಪ್ಪ ಊರಲ್ಲಿಲ್ಲದಾಗ, ಒಬ್ಬ ಹೆಂಗಸು ನಾಲ್ಕು ವರ್ಷದ ಹುಡುಗನನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಗೆ ಬಂದಳು. ಮಾಲಗಾಂವದಿಂದ ನಡೆದು ಬಂದಿದ್ದಳು. ಹೆಸರು ಮುತ್ತವ್ವ. ಕೈಯಲ್ಲಿ ಹಳದಿ ಚೀಟಿಯ ಪೊಟ್ಟಣ ಇತ್ತು.

“ಪುಡಿ ಮಾಡೋ ಮನಿ ಇದ ಏನ್ರಿ, ಅಕ್ಕಾರ?”

“ಹೌದವಾ. ಬಾ, ನೆರಳಿಗೆ ಕುಂದ್ರು.”

ಮುತ್ತವ್ವ ಕೂರಲಿಲ್ಲ. ಮನೆಯೊಳಗೆ ಕತ್ತು ಚಾಚಿ ನೋಡಿದಳು. “ನಿಮ್ಮ ಮಗಳು ಎಲ್ಲಿದಾಳ್ರಿ? ಒಮ್ಮಿ ಹೊರಗ ಕರೀರಿ. ಆಕಿ ಕೈಲೆ ನನ್ನ ಕೂಸಿನ ತಲಿ ಮುಟ್ಟಸ್ರಿ, ಸಾಕು. ಹನ್ನೆರಡು ದಿವಸಾತು, ಜ್ವರ ಬಿಡವಲ್ದು.”

ಸರೂಬಾಯಿಗೆ ಅರ್ಥವಾಗಲಿಲ್ಲ. “ಯಾವ ಮಗಳು?”

“ಅದ ರೀ, ಚಂಪಾ. ಡಾಕ್ಟರ್ ಕೈಬಿಟ್ಟಿದ್ರಂತ, ಈ ಸತ್ವ ಉಂಡು ಎದ್ದು ಕುಂತಾಳಂತ. ನಮ್ಮೂರ ಮಾಸ್ತರು ಚೀಟಿ ಓದಿ ಹೇಳ್ಯಾರ. ನನ್ನ ಮೈದುನ ಸಾಂಗ್ಲ್ಯಾಗ ಕಣ್ಣಾರೆ ನೋಡಿ ಬಂದಾನ ಆಕೀನ್ನ.”

ಸರೂಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ಹುಡುಗನ ಹಣೆ ಮುಟ್ಟಿ ನೋಡಿದಳು, ಕೆಂಡವಾಗಿತ್ತು. ಅವನು ಕಣ್ಣು ಅರ್ಧ ತೆರೆದು ಮುಚ್ಚಿದ. ಕಡೆಯ ದಿನಗಳಲ್ಲಿ ಚಂಪಾ ಹಾಗೆಯೇ ನೋಡುತ್ತಿದ್ದಳು.

“ಮುತ್ತವ್ವಾ, ನನ್ನ ಮಗಳು ಉಳೀಲಿಲ್ಲ. ಸತ್ತು ಏಳು ತಿಂಗಳಾತು. ಈ ಪುಡಿ ಔಷಧ ಅಲ್ಲ. ಇದು ಜ್ವರ ಬಿಡಸೂದಿಲ್ಲ. ನಡಿ ನನ್ನ ಸಂಗಾಟ.”

ಮುತ್ತವ್ವ ಅವಳನ್ನು ನಂಬಿದಳೋ ಇಲ್ಲವೋ, ಅಳುತ್ತ ಹಿಂದೆ ಬಂದಳು. ಸರೂಬಾಯಿ ಇಬ್ಬರನ್ನೂ ಮಿಷನ್ ದವಾಖಾನೆಗೆ ಕರೆದುಕೊಂಡು ಹೋಗಿ, ಹುಡುಗನನ್ನು ಮಂಚದ ಮೇಲೆ ಮಲಗಿಸುವವರೆಗೂ ನಿಂತಿದ್ದು, ಮನೆಯಿಂದ ಒಂದು ಪೊಟ್ಟಣ ಎತ್ತಿಕೊಂಡು ನೇರವಾಗಿ ಮಾಣಿಕಬಾಯಿಯ ಮನೆಗೆ ಬಂದಳು. ಮಾಣಿಕಬಾಯಿಗೆ ಮರಾಠಿ ಓದಲು ಬರುತ್ತಿತ್ತು. ಸರೂಬಾಯಿ ಪೊಟ್ಟಣವನ್ನು ಮುಂದೆ ಹಿಡಿದಳು.

“ಸಣ್ಣ ಅಕ್ಷರ ಓದು.”

ಮಾಣಿಕಬಾಯಿ ಪೊಟ್ಟಣ ಮುಟ್ಟಲಿಲ್ಲ.

“ಓದು ಮಾಣಿಕಾ.”

ಮಾಣಿಕಬಾಯಿ ಓದಿ ಕನ್ನಡದಲ್ಲಿ ಹೇಳಿದಳು. ಒಂಬತ್ತು ದಿನ ಮಾನಮೋಡಿ ಜ್ವರದಿಂದ ಮಲಗಿ, ವೈದ್ಯರು ಆಸೆ ಬಿಟ್ಟಿದ್ದ ನಮ್ಮ ಮಗಳು ಚಂಪಾ ಈ ಸತ್ವದಿಂದ ಎದ್ದು ಕುಳಿತು ರೊಟ್ಟಿ ಬೇಡಿದಳು. ನಿಮ್ಮ ಮನೆಯ ಮಕ್ಕಳಿಗೂ ಇದನ್ನು ಕೊಡಿರಿ.

“ನಿನಗ ಮೊದಲ ಗೊತ್ತಿತ್ತು” ಎಂದಳು ಸರೂಬಾಯಿ.

“ಚೀಟಿ ಬಂದ ದಿನಾನ ಓದಿದ್ದೆ. ನಮ್ಮ ಮನಿಯವರು, ನೀ ನಡುವ ಬಾಯಿ ಹಾಕಬ್ಯಾಡ, ಅವರ ಮನಿ ಮಾತು ಅಂದ್ರು. ನೀ ಅಷ್ಟು ಅಕ್ಕರತೀಲೆ ಅಂಟಸ್ತಿದ್ದಿ, ಹೆಂಗ ಹೇಳಲಿ? ಇಂದ ಹೇಳಬೇಕು, ನಾಳೆ ಹೇಳಬೇಕು ಅಂತ...”

“ನಾಚಣಿ ನಿಮ್ಮದ ಅಲ್ಲ?” ಎಂದಷ್ಟೇ ಹೇಳಿ ಸರೂಬಾಯಿ ಎದ್ದು ಬಂದಳು. ಆ ಮನೆಯ ನಾಲ್ವರ ಬಾಯಿಗೂ ಅವಳೇ ಅಂಬಲಿ ಹಾಕಿದ್ದಳು. ಅದನ್ನು ಆಡಿ ತೋರಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಗಂಡ ಬಂದಾಗ ಅವಳು ಏನೂ ಕೇಳಲಿಲ್ಲ. ಮುತ್ತವ್ವನ ಮೈದುನ ಕಣ್ಣಾರೆ ನೋಡಿದ್ದು ಯಾರನ್ನು ಎಂಬುದು ಅವಳಿಗೆ ತಿಳಿಯಬೇಕಿತ್ತು. ಶನಿವಾರ ಅವನು ಹೋದ ಒಂದು ತಾಸಿಗೆ ತಾನೂ ಟಾಂಗಾ ಹತ್ತಿ ಸಾಂಗ್ಲಿಗೆ ಹೋದಳು.

ಸಂತೆಯಲ್ಲಿ ರೇವಪ್ಪನನ್ನು ಹುಡುಕುವುದು ಕಷ್ಟವಾಗಲಿಲ್ಲ. ಅವನ ಸುತ್ತ ಇಪ್ಪತ್ತು ಮೂವತ್ತು ಜನ ಇದ್ದರು, ಹೆಚ್ಚಿನವರು ಮಕ್ಕಳನ್ನು ಎತ್ತಿಕೊಂಡ ಹೆಂಗಸರು. ಅವನು ಮರಾಠಿಯಲ್ಲಿ, ಅವಳು ಎಂದೂ ಕೇಳಿರದ ದನಿಯಲ್ಲಿ ಮಾತಾಡುತ್ತಿದ್ದ. ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಎಂಟು ವರ್ಷದ ಹುಡುಗಿಯೊಬ್ಬಳು ಬಟ್ಟಲಿನಿಂದ ಚಮಚ ಚಮಚ ಅಂಬಲಿ ತಿನ್ನುತ್ತಿದ್ದಳು. ಅದು ಕವಲಾಪುರದ ಅನುಸೂಯಾಳ ಮಗಳು ಸುನಂದಾ, ರೇವಪ್ಪನ ಸ್ವಂತ ತಂಗಿಯ ಮಗಳು. ಮೈಮೇಲೆ ಹಸಿರು ಖಣದ ಪರಕರ ಪೋಲಕ, ಲಂಗ ರವಿಕೆ. ಚಂಪಾಗೆಂದು ಸರೂಬಾಯಿ ನಾಗಪಂಚಮಿಗೆ ಹೊಲಿಸಿದ್ದು. ಅದನ್ನು ಅವಳು ಟ್ರಂಕಿನ ತಳದಲ್ಲಿ ಇಟ್ಟು, ಮತ್ತೆ ತೆಗೆದು ನೋಡುವ ಧೈರ್ಯವಿಲ್ಲದೆ ಹಾಗೇ ಬಿಟ್ಟಿದ್ದಳು.

ಅವಳು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಪರಕರದ ಅಂಚು ಹಿಡಿದು ನೋಡಿದಳು. ಚಂಪಾ ಬೆಳೆದ ಹಾಗೆ ಉದ್ದ ಮಾಡಲೆಂದು ಒಳಗೆ ಮಡಚಿ ತಾನೇ ಹಾಕಿದ್ದ ಹೊಲಿಗೆಯನ್ನು ಯಾರೋ ಬಿಚ್ಚಿದ್ದರು.

ಸುನಂದಾ ಚಮಚ ಕೆಳಗಿಟ್ಟಳು. “ಮಾಮಿ, ನಾ ಒಲ್ಲೆ ಅಂದಿದ್ದೆ. ಅವ್ವನ ಹಾಕ್ಕೊ ಅಂದ್ಲು.”

“ಮಾಮಿ ಅಂತಾಳಲ್ಲ?” ಎಂದು ಯಾರೋ ಮರಾಠಿಯಲ್ಲಿ ಅಂದರು.

ಸರೂಬಾಯಿ ಜನರ ಕಡೆ ತಿರುಗಿದಳು. ತನಗೆ ಬರುವ ಅಷ್ಟಿಷ್ಟು ಮರಾಠಿಯಲ್ಲಿ ಹೇಳಿದಳು: “ಇವಳು ಚಂಪಾ ಅಲ್ಲ. ಚಂಪಾ ನನ್ನ ಮಗಳು. ಇದೇ ಅಂಬಲಿ ಕೊಟ್ಟೆ. ಬದುಕಲಿಲ್ಲ. ಸತ್ತುಹೋದಳು.”

ರೇವಪ್ಪ ಅವಳನ್ನು ನೋಡಿದ. ಅವನ ಕಣ್ಣಲ್ಲಿ ಅಂಜಿಕೆ ಕಂಡಿತು. ಇನ್ನು ಒಪ್ಪಿಕೊಳ್ಳುತ್ತಾನೆ ಎಂದು ಅವಳು ತಿಳಿದಳು. ಅವನು ರುಮಾಲು ಸರಿಪಡಿಸಿಕೊಂಡು, ಜನರಿಗೆ ಕೈಮುಗಿದು, ಮರಾಠಿಯಲ್ಲಿ ಹೇಳಿದ:

“ಬೇಸರ ಮಾಡಿಕೊಳ್ಳಬೇಡಿ. ನನ್ನ ಹೆಂಡತಿ. ಜ್ವರ ತಲೆಗೆ ಏರಿತ್ತು, ಇನ್ನೂ ಇಳಿದಿಲ್ಲ. ಹೆತ್ತ ಮಗಳು ಎದುರಿಗೆ ಕೂತಿದ್ದರೂ ಗುರುತು ಸಿಗುವುದಿಲ್ಲ.” ಸುನಂದಾಳ ಬೆನ್ನ ಮೇಲೆ ಕೈಯಿಟ್ಟು ಅಂದ: “ನಿನ್ನ ತಾಯಿ. ಆಯಿ ಅನ್ನು, ಮಗಳೇ.”

ಹುಡುಗಿ ಮಾಮನ ಮುಖ ನೋಡಿದಳು, ಮಾಮಿಯ ಮುಖ ನೋಡಿದಳು. “ಆಯಿ” ಎಂದಳು.

ಹೆಂಗಸರ ಬಾಯಿಂದ ಅಯ್ಯೋ ಎಂಬ ಉಸಿರು ಬಂತು. ಒಬ್ಬಳು ಸರೂಬಾಯಿಯ ತೋಳು ಸವರಿ, ದೇವರು ಒಳ್ಳೆಯದು ಮಾಡುತ್ತಾನೆ ತಾಯಿ ಎಂದು ಸಮಾಧಾನ ಹೇಳಿದಳು. ಹೇಳಿದವಳೇ ರೇವಪ್ಪನ ಕಡೆ ಕೈ ಚಾಚಿ ಎರಡು ಪೊಟ್ಟಣ ಕೊಂಡಳು. ರೇವಪ್ಪ ಬಗ್ಗಿ, ಅವಳಿಗೊಬ್ಬಳಿಗೇ ಕೇಳುವಂತೆ, ಕನ್ನಡದಲ್ಲಿ ಅಂದ: “ಮನಿಗೆ ನಡಿ. ಅಲ್ಲಿ ಮಾತಾಡೂಣು.”

ಅವಳು ಮಿರಜಿಗೆ ನಡೆದೇ ಬಂದಳು. ಬಿಸಿಲಿನ ನೆನಪಾಗಲಿ ದಾರಿಯ ನೆನಪಾಗಲಿ ಅವಳಿಗೆ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ರೇವಪ್ಪ ಅಂಗಳದಲ್ಲಿ ಅವಳೆದುರು ಕೂತ. “ನಾ ಬೇಕಂತ ಮಾಡಲಿಲ್ಲ” ಎಂದ. “ಮೊದಲನೇ ಸಂತ್ಯಾಗ ಒಬ್ಬಾಕಿ ಕೇಳಿದಳು, ಚಂಪಾ ಅಂದ್ರ ಯಾರು ಅಂತ. ನಮ್ಮ ಮಗಳು ಅಂದೆ. ಚಲೋ ಅದಾಳೇನ್ರಿ ಈಗ ಅಂದಳು. ಇಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ, ಸರೂ. ಹೂಂ ಅಂದುಬಿಟ್ಟೆ. ಆಕಿ ನಕ್ಕಳು. ಎಲ್ಲಾರೂ ನಕ್ಕರು. ಒಂದು ಗಳಿಗಿ ನನಗೂ ಆಕಿ ಮನ್ಯಾಗ ಆಡಾಕತ್ಯಾಳ ಅನ್ನಿಸ್ತು.”

ಸರೂಬಾಯಿ ಅದನ್ನು ಸುಳ್ಳೆಂದು ತಿಳಿಯಲಿಲ್ಲ. “ಬಾಯಿ ತಪ್ಪಿ ಬಂತು, ಖರೆ. ಛಾಪಖಾನ್ಯಾಗೂ ಬಾಯಿ ತಪ್ಪೇ ಬಂತೇನ್ರಿ? ನನ್ನ ಟ್ರಂಕಿನ ಬೀಗ ಅದರಷ್ಟಕ್ಕ ಅದ ತೆರೀತೇನು?”

ಅವನು ರುಮಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡ.

“ನನ್ನ ಕೈಲೆ ಅಂಟಿಸಿದ್ರಿ. ನನ್ನ ಕೂಸಿನ ಸಾವು ಸುಳ್ಳು ಅಂತ ನನ್ನ ಕೈಲೆ ಅಂಟಿಸಿದ್ರಿ.”

“ಹೊಟ್ಟಿ ನಡೀಬೇಕಲ್ಲ?” ಎಂದ ರೇವಪ್ಪ, ಈಗ ಸ್ವಲ್ಪ ಸಿಟ್ಟಿನಿಂದ. “ಮಗಳು ಸತ್ತಾಳ, ಪುಡಿ ತಗೋರಿ ಅಂದ್ರ ಯಾರು ತಗೋತಾರ?”

ಅಂದಿನಿಂದ ಅವಳು ಬೀಸುವ ಕಲ್ಲು ಮುಟ್ಟಲಿಲ್ಲ. ಅನುಸೂಯಾ ಬಂದು, “ವೈನಿ, ಅಣ್ಣ ಹೇಳಿದಂಗ ಮಾಡಿದೆ, ನಿಮಗೂ ಗೊತ್ತೈತಿ ಅಂತ ತಿಳಿದಿದ್ದೆ” ಎಂದು ಅತ್ತು ಹೋದಳು. ಹುಡುಗನನ್ನು ಸೇರಿಸಿದ ಹನ್ನೊಂದನೆಯ ದಿನ ಮುತ್ತವ್ವ ದವಾಖಾನೆಯಿಂದ ಊರಿಗೆ ಹೋಗುತ್ತ ಬಾಗಿಲಿಗೆ ಬಂದಳು. ಹುಡುಗ ಸೊಂಟದ ಮೇಲೆ ಕೂತು ಬೆರಳು ಚೀಪುತ್ತಿದ್ದ. ಮುತ್ತವ್ವ ಒಡೆಯದ ಪೊಟ್ಟಣವನ್ನು ವಾಪಸು ಕೊಡಲು ಬಂದಿದ್ದಳು.

“ಇಟಗೋ” ಎಂದಳು ಸರೂಬಾಯಿ. “ಈಗ ಕೊಡು ಅವಗ. ಈಗ ಮೈಗೆ ಹತ್ತತೈತಿ.” ಚೀಟಿಯನ್ನು ಉಗುರಿನಿಂದ ಕಿತ್ತು ತೆಗೆದು, ಪೊಟ್ಟಣ ಮಾತ್ರ ಕೊಟ್ಟಳು.

ರೇವಪ್ಪನ ವ್ಯಾಪಾರ ನಿಲ್ಲಲಿಲ್ಲ. ಬೀಸಲು ನಾಲ್ಕು ಹೆಂಗಸರನ್ನು ಇಟ್ಟುಕೊಂಡ. ವರ್ಷದೊಳಗೆ ಸಾಂಗ್ಲಿಯಲ್ಲಿ ಹಲಗೆ ಬರೆಸಿದ ಅಂಗಡಿ ಆಯಿತು. ಪೊಟ್ಟಣ ಹೋಗಿ ಡಬ್ಬಿ ಬಂತು, ಡಬ್ಬಿಯ ಮೇಲೆ ಖಣದ ಪೋಲಕದ ಹುಡುಗಿಯ ಚಿತ್ರ ಬಂತು. ಗಂಡ ಹೆಂಡತಿ ಒಂದೇ ಸೂರಿನ ಕೆಳಗಿದ್ದರು. ಅವಳು ಅಡಿಗೆ ಮಾಡಿ ಬಡಿಸುತ್ತಿದ್ದಳು. ಅವನು ಉಂಡು ಹೋಗುತ್ತಿದ್ದ. ಸಂತೆಯ ಸುದ್ದಿ ಓಣಿಗೂ ಬಂದಿತ್ತು. ಖರೆ ಏನೆಂದು ಗೊತ್ತಿದ್ದ ಓಣಿಯವರೂ ಅವಳೊಂದಿಗೆ ಮಾತಾಡುವಾಗ ದನಿ ತಗ್ಗಿಸುತ್ತಿದ್ದರು, ತಲೆ ಸರಿಯಿಲ್ಲದವರ ಜೊತೆ ಮಾತಾಡುವ ಹಾಗೆ.

ಮೂರು ವರ್ಷ ಹೀಗೆ ಕಳೆಯಿತು. ಆಮೇಲೆ ಸುನಂದಾಗೆ ಒಂದು ಸಂಬಂಧ ಬಂತು. ಮಿರಜಿನ ಬಟ್ಟೆ ವ್ಯಾಪಾರಿ ಗುರುಸಿದ್ಧಪ್ಪನ ಮನೆ. ಹುಡುಗ ಅವನ ಎರಡನೆಯ ಮಗ. ಎಲ್ಲ ಮಾತು ಮುಗಿದು ವೀಳ್ಯ ಹಿಡಿಯುವ ದಿನ ಹತ್ತಿರ ಬಂದಾಗ ಗುರುಸಿದ್ಧಪ್ಪನ ಮನೆಯವರು ಹಿಂದೆ ಸರಿದರು. ಆ ಡಬ್ಬಿ ಅವರ ಮನೆಯಲ್ಲೂ ಇತ್ತು. ಚಿತ್ರದ ಹುಡುಗಿ ಇವಳೇ ಎಂದು ಯಾರೋ ಗುರುತಿಸಿದ್ದರು. ಮಾನಮೋಡಿ ಹಿಡಿದು ಸಾವಿನ ಬಾಯಿಗೆ ಹೋಗಿ ಬಂದ ಹುಡುಗಿ ಎಂದರೆ ಎದೆ ಗಟ್ಟಿ ಇರುವುದಿಲ್ಲ, ನಾಳೆ ಹೆರಿಗೆ ತಡೆಯುವುದಿಲ್ಲ ಎಂಬುದು ಅವರ ಮಾತು.

ಅನುಸೂಯಾ ಕವಲಾಪುರದಿಂದ ಓಡಿ ಬಂದು ಸರೂಬಾಯಿಯ ಕಾಲು ಹಿಡಿದಳು. “ವೈನಿ, ನೀವ ಬಂದು ಹೇಳ್ರಿ. ನನ್ನ ಮಗಳಿಗೆ ಒಂದು ದಿವಸ ಜ್ವರ ಬಂದಿಲ್ಲ. ಚಂಪಾನ್ನ ಹೆತ್ತ ತಾಯಿ ನೀವು, ನೀವು ಹೇಳಿದ್ರ ನಂಬ್ತಾರ.”

ಬಾಗಿಲಲ್ಲಿ ನಿಂತಿದ್ದ ರೇವಪ್ಪನೂ ಅಂದ: “ನೀ ಒಂದು ಮಾತು ಹೇಳು, ಸರೂ. ಹುಡುಗಿ ಜೀವನದ ಪ್ರಶ್ನಿ.”

ಸರೂಬಾಯಿ ಗಂಡನ ಕಡೆ ತಿರುಗಿದಳು. “ನಾ ಹೇಳಿ ಬಿಟ್ಟೇನಿ. ನಡು ಸಂತ್ಯಾಗ ಹೇಳೇನಿ. ಈಗ ನೀವು ಹೇಳ್ರಿ. ನಾ ಬಂದು ಬಾಜೂಕ ಕುಂದರತೇನಿ, ಅಷ್ಟ.”

ಕವಲಾಪುರದಲ್ಲಿ ಅನುಸೂಯಾಳ ಪಡಸಾಲೆಯಲ್ಲಿ ಸೇರಿದರು. ಗುರುಸಿದ್ಧಪ್ಪ, ಅವನ ಅಣ್ಣ, ಇನ್ನಿಬ್ಬರು ಹಿರಿಯರು. ಸರೂಬಾಯಿ ಹೇಳಿದ ಹಾಗೆ ರೇವಪ್ಪನ ಪಕ್ಕದಲ್ಲಿ ಕೂತಳು.

“ಡಬ್ಬಿ ಮ್ಯಾಲಿನ ಹುಡುಗಿ ಇಕಿನ, ಖರೆ” ಎಂದ ರೇವಪ್ಪ ಕೊನೆಗೆ. “ಆದ್ರ ಜ್ವರ ಬಂದಿದ್ದು ಇಕಿಗಲ್ರಿ. ನನ್ನ ಮಗಳಿಗೆ. ಚಂಪಾಗ.”

“ಆಕಿ ಈಗ ಎಲ್ಲಿದಾಳ?” ಎಂದ ಗುರುಸಿದ್ಧಪ್ಪ.

“ಆಕಿ... ತೀರಿಕೊಂಡಳ್ರಿ. ಒಂಬತ್ತನೇ ದಿವಸ.”

“ಸತ್ವ?”

“ಅದನ್ನೂ ಕೊಟ್ಟಿದ್ವಿ.”

ಗುರುಸಿದ್ಧಪ್ಪ ಕೆಮ್ಮಿ, “ಹಂಗಾದ್ರ ಹುಡುಗಿ ಗಟ್ಟಿ ಅದಾಳ ಅನ್ರಿ” ಎಂದ. ಡಬ್ಬಿಯ ಮಾತು ಅಲ್ಲಿಗೆ ಮುಗಿಯಿತು. ಅವರಿಗೆ ಬೇಕಾಗಿದ್ದುದು ಅಷ್ಟೇ. ರೇವಪ್ಪ ರುಮಾಲಿನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಸರೂಬಾಯಿಗೆ ಅಳು ಬರಲಿಲ್ಲ. ಮೂರೂವರೆ ವರ್ಷಕ್ಕೆ ಅವನ ಬಾಯಿಂದ ಈ ಮಾತು ಬಂತು ಎಂದುಕೊಂಡಳು. ಎದೆಯಲ್ಲಿ ಏನೋ ಸಡಿಲಾದಂತೆಯೂ ಅನಿಸಿತು.

ಚಕ್ಕಡಿಯಲ್ಲಿ ಮಿರಜಿಗೆ ಮರಳುವಾಗ ರೇವಪ್ಪ ಹಗುರವಾಗಿದ್ದ. “ಆತಲ್ಲ, ಹೇಳಿಬಿಟ್ಟೆ” ಎಂದ. “ಈಗಾದ್ರೂ ನೀ ಮನಸ್ಸು ತಿಳಿ ಮಾಡ್ಕೊ.”

“ಮತ್ತ ಡಬ್ಬಿ ಮ್ಯಾಲಿನ ಆ ಚೀಟಿ?”

ಅವನು ರಸ್ತೆ ನೋಡಿದ. “ಹೊಸದಾಗಿ ಮಾಡಸೂಣು. ಹಳೇವು ಎರಡು ಸಾವಿರ ಛಾಪಿಸಿಟ್ಟಾರ, ಅವಷ್ಟು ಮುಗೀಲಿ.”

ಅವಳ ಎದೆಯಲ್ಲಿ ಸಡಿಲಾದದ್ದು ಮತ್ತೆ ಬಿಗಿದುಕೊಂಡಿತು. ಈ ಸಲ ನೋವೂ ಆಗಲಿಲ್ಲ. ಮರುದಿನ ರೇವಪ್ಪ ಸಾಂಗ್ಲಿಗೆ ಹೋದ ಮೇಲೆ ಎರಡು ಸೀರೆ ಗಂಟು ಕಟ್ಟಿಕೊಂಡು, ಮಾಣಿಕಬಾಯಿ ಬಾಗಿಲಿಗೆ ಬಂದು ಕೂಗಿದರೂ ತಿರುಗಿ ನೋಡದೆ, ಕುಪವಾಡದಲ್ಲಿದ್ದ ಅಣ್ಣ ಸಿದ್ದಪ್ಪನ ಮನೆಗೆ ಹೋದಳು. ಅಣ್ಣನಿಗೆ ಹೊಲ ಇತ್ತು, ಎಮ್ಮೆಗಳಿದ್ದವು. ಅವಳ ಕೈಗೆ ಕೆಲಸಕ್ಕೆ ಕಡಿಮೆಯಿರಲಿಲ್ಲ. ಊರಲ್ಲಿ ಯಾರಾದರೂ ಬಾಣಂತಿಯಾದರೆ ಅವಳನ್ನು ಕರೆಯುತ್ತಿದ್ದರು. ನಾಚಣಿ ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಹುರಿಯಬೇಕು ಎಂದು ಅವರವರ ಒಲೆಯ ಮುಂದೆ ಕೂತು ತೋರಿಸಿ ಕೊಡುತ್ತಿದ್ದಳು.

ರೇವಪ್ಪ ಅವಳನ್ನು ಕರೆದೊಯ್ಯಲು ಎರಡು ಸಲ ಬಂದ. ಎರಡು ಸಲವೂ ಅವಳು ಅವನಿಗೆ ಕಾಲಿಗೆ ನೀರು ಕೊಟ್ಟು, ಬಿಸಿ ರೊಟ್ಟಿ ಬಡಿಸಿ, ಬೇಳೆಗೆ ತುಪ್ಪ ಹಾಕಿ, ಉಂಡಾದ ಮೇಲೆ ಹೊತ್ತು ಮುಳುಗುವ ಮೊದಲೇ ಹೊರಡಿರಿ ಎಂದು ಕಳಿಸಿದಳು. ಮೂರನೆಯ ಸಲ ಅವನು ಬರಲಿಲ್ಲ.